ಬೆಳಕಿನ ಮರ್ಮವನ್ನರಿತ ವೈದ್ಯ

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಮಲೆಗಳಲ್ಲಿ ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ, ವನಗೂರಿನಂತಹ ಊರಿನ ಕೆರೆಯ ದಡದಲ್ಲಿ ನಿಂತು ನೀರನ್ನು ದಿಟ್ಟಿಸಿದರೆ ಒಂದು ಸೋಜಿಗ ಕಾಣಸಿಗುತ್ತದೆ. ನೀರೊಳಗೆ ಬೆಳೆದ ಗಿಡಗಳ ಎಲೆಗಳಿಂದ ಮುತ್ತಿನಂತಹ ಗುಳ್ಳೆಗಳು ಒಂದರ ಹಿಂದೊಂದು ಮೇಲೇಳುತ್ತವೆ. ಮೋಡ ಕವಿದರೆ ಅವು ವಿರಳವಾಗುತ್ತವೆ, ಕತ್ತಲಾದೊಡನೆ ನಿಂತುಹೋಗುತ್ತವೆ. ಕಾಡಿನ ದಟ್ಟ ನೆರಳಿನಲ್ಲಿ ಹರಿಯುವ ಹಳ್ಳದಲ್ಲಿ ಪಾಚಿ ಕಡಿಮೆ. ಬಿಸಿಲಿಗೆ ಮೈಯೊಡ್ಡಿ ನಿಂತ ನೀರಿನಲ್ಲಿ ಹೆಚ್ಚು. ಬಿಸಿಲಿಗೂ ಹಸಿರಿಗೂ ಗುಳ್ಳೆಗೂ ಇರುವ ನಂಟು ಯಾವುದು? ಎಷ್ಟೋ ತಲೆಮಾರುಗಳ ಜನ ಕಂಡೂ ಅರಿಯದಿದ್ದ ಈ ಮರ್ಮವನ್ನು ಪ್ರಯೋಗಗಳಿಂದ ಬಿಡಿಸಿ ತೋರಿಸಿದವನು ದೂರದ ಹಾಲೆಂಡಿನ ಒಬ್ಬ ವೈದ್ಯ. ಅವನೇ ಯಾನ್ ಇಂಗೆನ್‌ಹೌಸ್.

ಇಂಗೆನ್‌ಹೌಸನು 1730ರ ಡಿಸೆಂಬರ್ 8ರಂದು ಹಾಲೆಂಡಿನ ಬ್ರೆಡಾ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ಬಾಲಕನ ಚುರುಕುಬುದ್ಧಿಯನ್ನು ಕಂಡು ಮೆಚ್ಚಿದವರಲ್ಲಿ ಜಾನ್ ಪ್ರಿಂಗಲ್ ಎಂಬ ಸೇನಾವೈದ್ಯನೂ ಒಬ್ಬ. ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರದ ಪದವಿ ಪಡೆದ ಇಂಗೆನ್‌ಹೌಸನು ಲೈಡನ್ನಿನಲ್ಲಿ ವ್ಯಾಸಂಗವನ್ನು ಮುಂದುವರಿಸಿ, ಹುಟ್ಟೂರಿಗೆ ಹಿಂದಿರುಗಿ ವೈದ್ಯವೃತ್ತಿಯನ್ನು ಕೈಗೊಂಡನು. ತಂದೆ ತೀರಿಕೊಂಡ ಬಳಿಕ ಪ್ರಿಂಗಲ್‌ನ ಸ್ನೇಹ ಅವನನ್ನು ಇಂಗ್ಲೆಂಡಿಗೆ ಕರೆತಂದಿತು.

ಆ ಕಾಲದಲ್ಲಿ ಸಿಡುಬು ಯುರೋಪನ್ನು ತಲ್ಲಣಗೊಳಿಸಿದ್ದ ಮಹಾಮಾರಿ. ಜೆನ್ನರನ ಲಸಿಕೆ ಬರಲು ಇನ್ನೂ ಹಲವು ವರ್ಷಗಳಿದ್ದವು. ಸಿಡುಬಿನ ಬೊಕ್ಕೆಯ ಕೀವನ್ನು ಸೂಜಿಯಿಂದ ಆರೋಗ್ಯವಂತನ ಚರ್ಮಕ್ಕೆ ಚುಚ್ಚುವ ಪದ್ಧತಿಯೊಂದೇ ಆಗ ಇದ್ದ ರಕ್ಷೆ. ಅದರಿಂದ ರೋಗವು ಸಾಮಾನ್ಯವಾಗಿ ಸೌಮ್ಯವಾಗಿ ಬಂದು ಹೋಗುತ್ತಿತ್ತು. ಆದರೆ ಪ್ರಾಣಾಪಾಯ ಇಲ್ಲದಿರಲಿಲ್ಲ. ಈ ವಿಧಾನದಲ್ಲಿ ಇಂಗೆನ್‌ಹೌಸನು ನಿಪುಣನೆನಿಸಿದನು. ಆಸ್ಟ್ರಿಯದ ಸಾಮ್ರಾಜ್ಞಿ ಮರಿಯಾ ತೆರೇಸಾಳ ಮಕ್ಕಳಲ್ಲಿ ಕೆಲವರು ಸಿಡುಬಿಗೆ ಬಲಿಯಾಗಿದ್ದರು. ಉಳಿದವರನ್ನು ಕಾಪಾಡಬೇಕೆಂಬ ಕಳವಳದಿಂದ ಅವಳು ಇಂಗ್ಲೆಂಡಿನ ಅರಸನಿಂದ ಒಬ್ಬ ವೈದ್ಯನನ್ನು ಬೇಡಿದಳು. 1768ರಲ್ಲಿ ಇಂಗೆನ್‌ಹೌಸನು ವಿಯೆನ್ನಾ ನಗರಕ್ಕೆ ತೆರಳಿದನು. ಕೈ ತಪ್ಪಿದ್ದರೆ ಅವನ ಕೀರ್ತಿಯೊಡನೆ ಆ ಚಿಕಿತ್ಸೆಯ ಮೇಲಿನ ಜನರ ನಂಬಿಕೆಯೂ ಮಣ್ಣುಗೂಡುತ್ತಿತ್ತು. ಹಾಗಾಗಲಿಲ್ಲ. ಸಂತುಷ್ಟಳಾದ ಸಾಮ್ರಾಜ್ಞಿ ಅವನನ್ನು ಆಸ್ಥಾನವೈದ್ಯನನ್ನಾಗಿ ನೇಮಿಸಿ, ಜೀವಮಾನಪರ್ಯಂತ ವರ್ಷಾಶನವನ್ನು ಗೊತ್ತುಮಾಡಿದಳು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು.

ಸುಖವಾಗಿ ಕಾಲ ಕಳೆಯಲು ಬೇಕಾದುದೆಲ್ಲವೂ ಈಗ ಅವನಿಗೆ ದೊರೆತಿತ್ತು. ಆದರೆ ಅವನ ಮನಸ್ಸು ಪ್ರಕೃತಿಯ ಪ್ರಶ್ನೆಗಳ ಬೆನ್ನು ಬಿಡಲಿಲ್ಲ. ಮೇಣ ಸವರಿದ ಬೇರೆ ಬೇರೆ ಲೋಹದ ತಂತಿಗಳನ್ನು ಬಿಸಿಮಾಡಿ, ಯಾವುದು ಶಾಖವನ್ನು ಬೇಗ ಒಯ್ಯುತ್ತದೆಂದು ತಿಳಿಯುವ ಪ್ರಯೋಗ ಇಂದಿಗೂ ಶಾಲೆಗಳಲ್ಲಿ ಅವನ ಹೆಸರಿನೊಡನೆ ಉಳಿದಿದೆ. ಅವನಿಗೆ ಅಳಿಯದ ಕೀರ್ತಿಯನ್ನು ತಂದದ್ದು ಮಾತ್ರ ಸಸ್ಯಗಳ ಅಧ್ಯಯನ.

ಇದಕ್ಕೆ ಹಿನ್ನೆಲೆಯೊಂದಿದೆ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಒಂದು ಪ್ರಯೋಗ ಮಾಡಿದ್ದನು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮೇಣದ ಬತ್ತಿ ಉರಿದು ಆರಿದ ಮೇಲೆ ಅಲ್ಲಿನ ಗಾಳಿ ಕೆಟ್ಟಿರುತ್ತದೆ. ಆ ಗಾಳಿಯಲ್ಲಿ ಪುದೀನದ ಚಿಗುರನ್ನು ಕೆಲವು ದಿನ ಇರಿಸಿದಾಗ ಮತ್ತೆ ಬತ್ತಿ ಉರಿಯಿತು. ಸಸ್ಯಗಳು ಕೆಟ್ಟ ಗಾಳಿಯನ್ನು ಶುದ್ಧಿಗೊಳಿಸುತ್ತವೆಂಬ ಈ ಸಂಗತಿಯನ್ನು, ಆ ವೇಳೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಪ್ರಿಂಗಲ್ 1773ರಲ್ಲಿ ಸಭೆಯ ಮುಂದೆ ಕೊಂಡಾಡಿದನು. ಆದರೆ ಪ್ರಯೋಗ ಎಲ್ಲ ವೇಳೆಯಲ್ಲಿಯೂ ಸಫಲವಾಗುತ್ತಿರಲಿಲ್ಲ. ಕೆಲವೊಮ್ಮೆ ಗಿಡವೇ ಗಾಳಿಯನ್ನು ಕೆಡಿಸುತ್ತಿತ್ತು. ಹೀಗೇಕೆಂದು ಯಾರಿಗೂ ತಿಳಿಯಲಿಲ್ಲ.

1779ರ ಬೇಸಗೆಯಲ್ಲಿ ಇಂಗೆನ್‌ಹೌಸನು ಲಂಡನ್ನಿನ ಸಮೀಪದ ಸೌತಾಲ್ ಗ್ರೀನ್ ಎಂಬ ಹಳ್ಳಿಯಲ್ಲಿ ಒಂದು ಮನೆ ಹಿಡಿದು ಕೆಲಸಕ್ಕೆ ತೊಡಗಿದನು. ಗಾಜಿನ ಜಾಡಿಯಲ್ಲಿ ನೀರು ತುಂಬಿ, ಎಲೆಗಳನ್ನು ಅದರಲ್ಲಿ ಮುಳುಗಿಸಿ, ಜಾಡಿಯನ್ನು ನೀರಿನ ತೊಟ್ಟಿಯಲ್ಲಿ ಬೋರಲಾಗಿ ನಿಲ್ಲಿಸುವನು. ಬಿಸಿಲು ತಾಗಿದಾಗ ಎಲೆಗಳಿಂದ ಎದ್ದ ಗುಳ್ಳೆಗಳು ಜಾಡಿಯ ಮೇಲ್ಭಾಗದಲ್ಲಿ ಕೂಡಿಕೊಳ್ಳುವುವು. ಆ ಗಾಳಿ ಎಷ್ಟು ಶುದ್ಧವೆಂದು ಅಳತೆಯ ಗೆರೆಗಳಿದ್ದ ಕೊಳವೆಯಲ್ಲಿ ಪರೀಕ್ಷಿಸುವನು. ಆರಿಹೋಗುವಂತಿದ್ದ ಬತ್ತಿ ಅದರಲ್ಲಿ ಪ್ರಜ್ವಲವಾಗಿ ಉರಿಯುತ್ತಿತ್ತು. ಅದು ಇಂದು ನಾವು ಆಮ್ಲಜನಕವೆನ್ನುವ ಅನಿಲ. ಹಗಲು, ಇರುಳು, ನೆರಳು, ಬಿಸಿಲು, ಬೆಂಕಿಯ ಕಾವು, ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತ, ಸುಮಾರು ಮೂರು ತಿಂಗಳಲ್ಲಿ 500ಕ್ಕೂ ಮೇಲ್ಪಟ್ಟು ಪ್ರಯೋಗಗಳನ್ನು ಅವನು ನಡೆಸಿದನು.

ಅವನು ಕಂಡುಕೊಂಡ ಸತ್ಯ ಎರಡು ಮುಖದ್ದು. ಮೊದಲನೆಯದು, ಗಾಳಿಯನ್ನು ಶುದ್ಧಗೊಳಿಸುವ ಶಕ್ತಿ ಸಸ್ಯದ ಹಸಿರು ಭಾಗಗಳಿಗೆ ಮಾತ್ರ ಉಂಟು. ಅದೂ ಬೆಳಕಿದ್ದಾಗ ಮಾತ್ರ. ಸೂರ್ಯನ ಕಾವಲ್ಲ, ಸೂರ್ಯನ ಬೆಳಕೇ ಅದಕ್ಕೆ ಕಾರಣ. ಎರಡನೆಯದು, ಕತ್ತಲೆಯಲ್ಲಿ ಎಲೆಗಳೂ ಗಾಳಿಯನ್ನು ಕೆಡಿಸುತ್ತವೆ. ಹೂವು, ಹಣ್ಣು, ಬೇರುಗಳು ಹಗಲಲ್ಲೂ ಕೆಡಿಸುತ್ತವೆ. ಆದರೆ ಹಗಲಿನಲ್ಲಿ ಸಸ್ಯ ಮಾಡುವ ಉಪಕಾರದ ಮುಂದೆ ಇರುಳಿನ ಈ ಕೆಡುಕು ಅತ್ಯಲ್ಪ. ಪ್ರೀಸ್ಟ್ಲಿಯ ಪ್ರಯೋಗ ಒಮ್ಮೆ ಫಲಿಸಿ ಒಮ್ಮೆ ಸೋಲುತ್ತಿದ್ದುದೇಕೆಂಬ ಒಗಟು ಇದರಿಂದ ಬಿಡಿಸಿತು. ಗಿಡದ ಗುಣವನ್ನಷ್ಟೇ ಹೊಗಳುವುದು ಸುಲಭವಾಗಿತ್ತು. ಇಂಗೆನ್‌ಹೌಸನು ಎರಡು ಮುಖಗಳನ್ನೂ ಅಳೆದು, ಅದೇ ವರ್ಷ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಎರಡನ್ನೂ ಸಾರಿದನು.

ಕೀರ್ತಿಯ ಜೊತೆಗೆ ವಿವಾದವೂ ಬಂತು. ನೀರಿನ ಪಾತ್ರೆಗಳ ಒಳಮೈಗೆ ಹಸಿರು ಲೋಳೆ ಹತ್ತಿಕೊಳ್ಳುವುದನ್ನೂ, ಬೆಳಕಿನಲ್ಲಿ ಅದರಿಂದ ಶುದ್ಧವಾದ ಗಾಳಿ ಹೊರಡುವುದನ್ನೂ ಪ್ರೀಸ್ಟ್ಲಿಯೂ ಕಂಡಿದ್ದನು. ಆದ್ದರಿಂದ ಬೆಳಕಿನ ಮಹಿಮೆಯನ್ನು ಮೊದಲು ಅರಿತವರು ಯಾರು ಎಂಬ ಚರ್ಚೆ ಎದ್ದಿತು. ಆ ಹಸಿರು ವಸ್ತು ಸಸ್ಯವೋ ಪ್ರಾಣಿಯೋ ಎಂಬುದೂ ಆಗ ಸ್ಪಷ್ಟವಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದ ಇಂಗೆನ್‌ಹೌಸನು ಅದನ್ನು ಸೂಕ್ಷ್ಮಪ್ರಾಣಿಗಳೆಂದೇ ಬಗೆದನು. ಆ ಊಹೆ ನಿಲ್ಲಲಿಲ್ಲ. ಅದು ನಮ್ಮ ಕೆರೆಕಟ್ಟೆಗಳಲ್ಲಿ ಕಾಣುವ ಪಾಚಿಯ ಬಳಗದ್ದೆಂದು ಮುಂದೆ ಖಚಿತವಾಯಿತು.

ಸಸ್ಯಕ್ಕೆ ಬೆಳಕೊಂದೇ ಸಾಲದೆಂಬುದನ್ನು 1782ರಲ್ಲಿ ಜಿನೀವದ ಝಾನ್ ಸೆನೆಬಿಯೆ ತೋರಿಸಿದನು. ಕುದಿಸಿ ಗಾಳಿಯನ್ನೆಲ್ಲ ಹೊರಹಾಕಿದ ನೀರಿನಲ್ಲಿ, ಬಿಸಿಲಿದ್ದರೂ ಎಲೆಯಿಂದ ಗುಳ್ಳೆಗಳು ಏಳವು. ಇಂಗಾಲದ ಡೈಆಕ್ಸೈಡ್ ಕರಗಿದ ನೀರಿನಲ್ಲಿ ಹೇರಳವಾಗಿ ಏಳುತ್ತವೆ. ಈ ಅನಿಲದ ಇಂಗಾಲವೇ ಸಸ್ಯದ ಆಹಾರವೆಂದು ಇಂಗೆನ್‌ಹೌಸನು 1796ರಲ್ಲಿ ಬರೆದ ಪ್ರಬಂಧದಲ್ಲಿ ಪ್ರತಿಪಾದಿಸಿದನು. ದ್ಯುತಿಸಂಶ್ಲೇಷಣೆ ಎಂದು ನಾವು ಇಂದು ಕಲಿಯುವ ಕ್ರಿಯೆಯ ತಳಹದಿ ಹೀಗೆ ಸಿದ್ಧವಾಯಿತು.

ಅವನ ಕೊನೆಯ ದಿನಗಳು ನೆಮ್ಮದಿಯವಾಗಿರಲಿಲ್ಲ. 1788ರಲ್ಲಿ ವಿಯೆನ್ನಾವನ್ನು ಬಿಟ್ಟು ಹೊರಟವನು ಮರುವರ್ಷ ಪ್ಯಾರಿಸ್ಸಿನಲ್ಲಿದ್ದಾಗಲೇ ಫ್ರಾನ್ಸಿನ ಮಹಾಕ್ರಾಂತಿ ಸ್ಫೋಟಿಸಿತು. ಅಲ್ಲಿಂದ ಪಾರಾಗಿ ಕಡೆಗೆ ಇಂಗ್ಲೆಂಡನ್ನು ಸೇರಿದ ಅವನು ಮತ್ತೆ ವಿಯೆನ್ನಾವನ್ನು ಕಾಣಲಿಲ್ಲ. ಪತ್ನಿ ಅಗಾಥಾ ಅಲ್ಲಿಯೇ ಉಳಿದಳು. 1799ರ ಸೆಪ್ಟೆಂಬರ್ 7ರಂದು, ಬೋವುಡ್ ಎಂಬಲ್ಲಿ ಮಿತ್ರನ ಮನೆಯ ಅತಿಥಿಯಾಗಿದ್ದಾಗ ಇಂಗೆನ್‌ಹೌಸನು ಕಣ್ಣುಮುಚ್ಚಿದನು. ಇಪ್ಪತ್ತೈದು ವರ್ಷಗಳ ಹಿಂದೆ, 1774ರಲ್ಲಿ, ಪ್ರೀಸ್ಟ್ಲಿ ಆಮ್ಲಜನಕವನ್ನು ಬೇರ್ಪಡಿಸಿದ್ದುದು ಅದೇ ಬೋವುಡ್ಡಿನಲ್ಲಿ.

ಅವನು ತೆರೆದ ದಾರಿಯಲ್ಲಿ ಮುಂದಿನವರು ನಡೆದರು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್, ನೀರು ಬದಲಿಸದೆಯೇ ಮೀನುಗಳನ್ನು ಸಾಕಿದ ಬಗೆಯನ್ನು ಪ್ರಕಟಿಸಿದನು. ತೊಟ್ಟಿಯಲ್ಲಿ ಎರಡು ಹೊಂಬಣ್ಣದ ಮೀನುಗಳು ಮತ್ತು ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ ಇದ್ದವು. ಕೊಳೆತ ಎಲೆ ಮತ್ತು ಹಸಿರು ಲೋಳೆಯಿಂದ ನೀರು ಕೆಡತೊಡಗಿದಾಗ, ಅವನ್ನು ತಿನ್ನುವ ನೀರುಬಸವನಹುಳುಗಳನ್ನು ಬಿಟ್ಟನು, ನೀರು ತಿಳಿಯಾಯಿತು.

ಇಂದು ಮನೆಗಳಲ್ಲಿ ಗಿಡ ನೆಟ್ಟು ಅಂದವಾಗಿ ಇರಿಸುವ ಗಾಜಿನ ಮೀನುತೊಟ್ಟಿಯೂ ಇದೇ ನಿಯಮಕ್ಕೆ ಒಳಪಟ್ಟಿದೆ. ದೀಪದ ಬೆಳಕು ಪ್ರಖರವಾಗಿದ್ದು, ಅದಕ್ಕೆ ತಕ್ಕಷ್ಟು ಇಂಗಾಲದ ಡೈಆಕ್ಸೈಡೂ ಪೋಷಕಾಂಶಗಳೂ ದೊರೆಯದಿದ್ದರೆ ಗಿಡಗಳು ಸೊರಗುತ್ತವೆ. ಅವು ಬಳಸದೆ ಬಿಟ್ಟ ಬೆಳಕನ್ನು ಪಾಚಿ ಬಳಸಿಕೊಂಡು ಗಾಜನ್ನೂ ಎಲೆಗಳನ್ನೂ ಮುಸುಕುತ್ತದೆ. ಅನಿಲವನ್ನು ಮಿತಿಮೀರಿ ಹರಿಸಿದರೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಇರುಳಿನಲ್ಲಿ ಗಿಡಗಳೂ ಮೀನುಗಳಂತೆ ಆಮ್ಲಜನಕವನ್ನೇ ಬಳಸುವುದರಿಂದ, ದೀಪ ಆರಿಸುವಾಗ ಅನಿಲವನ್ನೂ ನಿಲ್ಲಿಸಬೇಕು. ಬೆಳಕನ್ನು ದಿನಕ್ಕೆ ಇಂತಿಷ್ಟು ಗಂಟೆಯೆಂದು ಮಿತಗೊಳಿಸಬೇಕು. ಯಾವುದೊಂದು ಹೆಚ್ಚಿದರೂ, ಯಾವುದೊಂದು ಕುಂದಿದರೂ ಆ ಪುಟ್ಟ ಲೋಕ ಕೆಡುತ್ತದೆ.

ಸಸ್ಯಗಳು ನಮಗೆ ಪ್ರಾಣವಾಯುವನ್ನು ನೀಡುತ್ತವೆಂಬುದನ್ನು ನಾವು ಬಾಲ್ಯದಲ್ಲೇ ಕಲಿಯುತ್ತೇವೆ. ಆ ಕೊಡುಗೆ ಬೆಳಕನ್ನು ಅವಲಂಬಿಸಿದೆ, ಅದಕ್ಕೊಂದು ನಿಯಮವಿದೆ ಎಂದು ತೋರಿಸಿಕೊಟ್ಟವನು ಇಂಗೆನ್‌ಹೌಸ್. ಮಲೆನಾಡಿನ ಕೆರೆಯಿಂದ ಮನೆಯ ಗಾಜಿನ ತೊಟ್ಟಿಯವರೆಗೆ, ಬಿಸಿಲಿನಲ್ಲಿ ಹಸಿರೆಲೆಯಿಂದ ಮೇಲೇಳುವ ಒಂದೊಂದು ಗುಳ್ಳೆಯೂ ಅವನ ಆ ಮೂರು ತಿಂಗಳ ತಪಸ್ಸಿಗೆ ಸಾಕ್ಷಿಯಾಗಿದೆ.