ಅಮೃತಾಂಜನದ ನಾಗೇಶ್ವರರಾಯರು

ತಲೆನೋವು ಬಂದೊಡನೆ ಹಣೆಗೆ ಮುಲಾಮನ್ನು ತಿಕ್ಕಿಕೊಳ್ಳುವ ರೂಢಿ ದಕ್ಷಿಣ ಭಾರತದ ಮನೆಮನೆಗಳಲ್ಲಿಯೂ ಉಂಟು. ಅಂತಹ ಮುಲಾಮುಗಳಲ್ಲಿ ಹೆಸರಾದ ಅಮೃತಾಂಜನವನ್ನು ಜನರಿಗೆ ನೀಡಿದವರು ಕಾಶೀನಾಥುನಿ ನಾಗೇಶ್ವರರಾಯರು.

1867ರಲ್ಲಿ ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಜನಿಸಿದ ರಾಯರು ಜೀವನೋಪಾಯವನ್ನರಸಿ ಮುಂಬಯಿಗೆ ತೆರಳಿದರು. 1893ರಲ್ಲಿ ಅಲ್ಲಿಯೇ ಮುಲಾಮಿನ ತಯಾರಿಕೆಯನ್ನು ಆರಂಭಿಸಿದರು. ಸರ್ವರೋಗಗಳಿಗೂ ಇದೊಂದೇ ಮದ್ದೆಂದು ಸಾರುವ ಸೀಸೆಗಳು ಪೇಟೆಯನ್ನು ತುಂಬಿದ್ದ ಕಾಲವದು. ಹೆಸರು ಕೇಳರಿಯದ ದೇಶೀಯ ಔಷಧಿಯನ್ನು ಹಣ ತೆತ್ತು ಕೊಳ್ಳುವವರಾರು? ರಾಯರು ಸಂಗೀತ ಕಚೇರಿಗಳಲ್ಲಿ ನೆರೆದ ರಸಿಕರಿಗೆ ಅದನ್ನು ಉಚಿತವಾಗಿ ಹಂಚಿಸಿದರು. ಹಚ್ಚಿಕೊಂಡು ಹಿತವನ್ನು ಕಂಡವರೇ ಅದರ ಪ್ರಚಾರಕರಾದರು! ಇಂತಹ ಲೇಪನಗಳು ರೋಗದ ಮೂಲವನ್ನು ಕೀಳಲಾರವು. ಕರ್ಪೂರಾದಿ ದ್ರವ್ಯಗಳ ತಂಪಿನಿಂದ ನೋವನ್ನು ಕೆಲಕಾಲ ಮರೆಸುತ್ತವೆ, ಅಷ್ಟೆ. ನೊಂದವರಿಗೆ ಅದೂ ಸಣ್ಣ ಉಪಕಾರವಲ್ಲ.

ಸಂಪತ್ತು ಹರಿದುಬಂದಿತು. ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವ ಸ್ವಭಾವ ರಾಯರದಾಗಿರಲಿಲ್ಲ. 1908ರಲ್ಲಿ ಮುಂಬಯಿಯಲ್ಲಿ 'ಆಂಧ್ರಪತ್ರಿಕೆ'ಯನ್ನು ವಾರಪತ್ರಿಕೆಯಾಗಿ ಹೊರಡಿಸಿದರು. 1914ರಲ್ಲಿ ಮದರಾಸಿನಲ್ಲಿ ಅದು ದಿನಪತ್ರಿಕೆಯಾಯಿತು. 1924ರಲ್ಲಿ 'ಭಾರತಿ' ಎಂಬ ಸಾಹಿತ್ಯ ಮಾಸಪತ್ರಿಕೆಯೂ ಹುಟ್ಟಿತು. ಮುಲಾಮಿನ ಗಳಿಕೆಯೇ ಇವುಗಳಿಗೆ ಆಧಾರ. ಪರಕೀಯ ಪ್ರಭುತ್ವವನ್ನು ಎದುರುಹಾಕಿಕೊಂಡರೆ ವ್ಯಾಪಾರಕ್ಕೆ ಕುತ್ತೆಂಬುದನ್ನು ವರ್ತಕರಾದ ಅವರು ಅರಿಯದವರೇನಲ್ಲ. ಆದರೂ ಉಪ್ಪಿನ ಸತ್ಯಾಗ್ರಹದಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಸೆರೆಮನೆಯನ್ನು ಸೇರಿದರು. ಜನರು ಅವರನ್ನು 'ದೇಶೋದ್ಧಾರಕ'ರೆಂದು ಕರೆದರು.

1938ರಲ್ಲಿ ನಾಗೇಶ್ವರರಾಯರು ಕಾಲವಾದರು.