ಐದು ಹೆಣ್ಣುಮಕ್ಕಳ ತಂದೆ ಊರು ಬಿಟ್ಟ ಕಥೆ: ಸಂತ ಲೂಯಿ ಮಾರ್ಟಿನ್

ಪ್ರತಿ ವರ್ಷ ಜುಲೈ 12ರಂದು ಧರ್ಮಸಭೆಯು ಸಂತ ಲೂಯಿ ಮಾರ್ಟಿನ್ ಹಾಗೂ ಸಂತ ಝೆಲಿ ಮಾರ್ಟಿನ್ ದಂಪತಿಗಳನ್ನು ಸ್ಮರಿಸುತ್ತದೆ. ಪುಟ್ಟ ಪುಷ್ಪವೆಂದು ನಾವೆಲ್ಲರೂ ಪ್ರೀತಿಯಿಂದ ಕರೆಯುವ ಲಿಸಿಯುವಿನ ಸಂತ ತೆರೇಸಾಳ ತಂದೆತಾಯಿ ಇವರು. 2008ರ ಅಕ್ಟೋಬರ್ 19ರಂದು ಲಿಸಿಯುವಿನಲ್ಲಿ ಇವರನ್ನು ಧನ್ಯರೆಂದು ಸಾರಲಾಯಿತು. 2015ರ ಅಕ್ಟೋಬರ್ 18ರಂದು ರೋಮಿನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಗಂಡಹೆಂಡತಿ ಇಬ್ಬರಿಗೂ ಒಟ್ಟಿಗೆ ಸಂತ ಪದವಿ ನೀಡಿದರು.

ತೆರೇಸಾಳ ಹೆಸರಿನೊಂದಿಗೆ ಲಿಸಿಯು ಎಂಬ ಊರಿನ ಹೆಸರು ಎಷ್ಟು ಬೆಸೆದುಕೊಂಡಿದೆಯೆಂದರೆ, ಆಕೆ ಹುಟ್ಟಿದ್ದು ಆ ಊರಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ನೆನಪೇ ಇರುವುದಿಲ್ಲ. ಆಕೆ 1873ರ ಜನವರಿ 2ರಂದು ಹುಟ್ಟಿದ್ದು ಅಲೆನ್ಸೋನ್ ಎಂಬ ಪಟ್ಟಣದಲ್ಲಿ. ನಾಲ್ಕೂವರೆ ವರ್ಷದ ಆ ಮಗುವನ್ನು ಲಿಸಿಯುವಿಗೆ ತಂದದ್ದು ತಂದೆ ಲೂಯಿ ಮಾರ್ಟಿನ್ ಅವರು 1877ರಲ್ಲಿ ಕೈಗೊಂಡ ಒಂದು ನಿರ್ಧಾರ. ಆ ನಿರ್ಧಾರದ ಕುರಿತೇ ಈ ಬಾರಿ ಕೊಂಚ ವಿವರವಾಗಿ ತಿಳಿದುಕೊಳ್ಳೋಣ.

ಲೂಯಿ ಅವರು 1823ರ ಆಗಸ್ಟ್ 22ರಂದು ಫ್ರಾನ್ಸಿನ ಬೋರ್ಡೋ ನಗರದಲ್ಲಿ ಜನಿಸಿದರು. ತಂದೆ ಸೇನೆಯಲ್ಲಿ ಅಧಿಕಾರಿ. ದಳ ಹೋದಲ್ಲಿಗೆ ಕುಟುಂಬವೂ ಹೋಗಬೇಕಾಗಿದ್ದ ಕಾರಣ ಬಾಲ್ಯದಲ್ಲಿಯೇ ಲೂಯಿ ಹಲವು ಊರುಗಳನ್ನು ಕಂಡರು. ತಂದೆ ನಿವೃತ್ತರಾದ ಮೇಲೆ ಮನೆಮಂದಿ ಅಲೆನ್ಸೋನಿನಲ್ಲಿ ನೆಲೆ ನಿಂತರು. ಲೂಯಿ ಗಡಿಯಾರ ರಿಪೇರಿಯ ಕಸುಬು ಕಲಿತರು. ಸನ್ಯಾಸಿಯಾಗಬೇಕೆಂಬ ಹಂಬಲದಿಂದ 1845ರಲ್ಲಿ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠದ ಬಾಗಿಲು ತಟ್ಟಿದರು. ಲ್ಯಾಟಿನ್ ಬಾರದೆಂದು ಹಿಂದಿರುಗಬೇಕಾಯಿತು. 1850ರಲ್ಲಿ ಅಲೆನ್ಸೋನಿನಲ್ಲಿ ಸ್ವಂತ ಗಡಿಯಾರದ ಅಂಗಡಿ ತೆರೆದರು. 1858ರ ಜುಲೈ 13ರಂದು ಝೆಲಿ ಗೆರಾಂ ಅವರೊಂದಿಗೆ ವಿವಾಹವಾಯಿತು.

ಝೆಲಿ ಅವರದು ಅಲೆನ್ಸೋನಿನ ಪ್ರಸಿದ್ಧ ಸೂಜಿ ಲೇಸಿನ ಉದ್ಯಮ. ಮದುವೆಗೆ ಮೊದಲೇ ಅವರು ಅದನ್ನು ಆರಂಭಿಸಿದ್ದರು. ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಲೇಸಿನ ಒಂದೊಂದು ತುಂಡನ್ನು ಹೊಲಿದು ಗುರುವಾರದಂದು ತಂದುಕೊಡುತ್ತಿದ್ದರು. ಜೋಡಣೆಯ ಗುರುತೂ ಕಾಣದಂತೆ ಅವನ್ನೆಲ್ಲಾ ಸೇರಿಸುವುದು ಝೆಲಿಯವರ ಕೆಲಸವಾಗಿತ್ತು. (ಈ ಲೇಸಿನ ಕಲೆಯನ್ನು 2010ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.) ವ್ಯವಹಾರ ಬೆಳೆದಾಗ ಲೂಯಿ 1870ರಲ್ಲಿ ತಮ್ಮ ಅಂಗಡಿಯನ್ನು ಸೋದರಳಿಯನಿಗೆ ವಹಿಸಿ, ಹೆಂಡತಿಯ ಲೆಕ್ಕಪತ್ರ ಮತ್ತು ಮಾರಾಟದ ಓಡಾಟಕ್ಕೆ ನಿಂತರು. ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರನ್ನು ಅಲೆನ್ಸೋನಿನ ಮಣ್ಣಿಗೆ ಒಪ್ಪಿಸಿದರು. ಉಳಿದವರು ಐವರೂ ಹೆಣ್ಣುಮಕ್ಕಳು: ಮೇರಿ, ಪೌಲಿನ್, ಲಿಯೋನಿ, ಸೆಲಿನ್ ಮತ್ತು ತೆರೇಸಾ.

1876ರ ಕೊನೆಯಲ್ಲಿ ಝೆಲಿಯವರ ಎದೆಯ ಗಡ್ಡೆ ಕ್ಯಾನ್ಸರ್ ಎಂದು ತಿಳಿಯಿತು. ಲಿಸಿಯುವಿಗೆ ಹೋಗಿ ಅಲ್ಲಿನ ವೈದ್ಯರನ್ನು ಕಂಡರು. ಶಸ್ತ್ರಚಿಕಿತ್ಸೆಗೆ ಕಾಲ ಮೀರಿತ್ತು. 1877ರ ಜೂನ್‌ನಲ್ಲಿ ಹಿರಿಯ ಮೂವರು ಮಕ್ಕಳೊಂದಿಗೆ ಲೂರ್ದ್ ಯಾತ್ರೆ ಮಾಡಿದರು. ಗುಣವಾಗಲಿಲ್ಲ. ಆಗಸ್ಟ್ 28ರ ನಡುರಾತ್ರಿ ಕಳೆದ ಮೇಲೆ ಅವರು ಕೊನೆಯುಸಿರೆಳೆದರು. ವಯಸ್ಸು 45. ಲಿಸಿಯುವಿನಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿದ್ದ ತಮ್ಮ ಇಸಿಡೋರ್ ಗೆರಾಂ ಮತ್ತು ಅವರ ಪತ್ನಿ ಆ ವೇಳೆಗೆ ಬಂದು ತಲುಪಿದ್ದರು. ಝೆಲಿಯವರಿಗೆ ಮಾತು ನಿಂತಿತ್ತು. ಆಕೆ ತಮ್ಮನ ಹೆಂಡತಿಯ ಕಡೆಗೆ ದೀರ್ಘವಾಗಿ ನೋಡಿದರಂತೆ. ಮಕ್ಕಳನ್ನು ನಿನಗೆ ಒಪ್ಪಿಸಿದ್ದೇನೆ ಎಂಬುದು ಆ ನೋಟದ ಅರ್ಥವೆಂದು ಆ ಅತ್ತೆ ತಿಳಿದುಕೊಂಡರು. ಅದನ್ನು ಅವರು ಜೀವಮಾನವಿಡೀ ಮರೆಯಲಿಲ್ಲ.

ಆಗ ಲೂಯಿ ಅವರಿಗೆ 54 ವರ್ಷ. ಹಿರಿಯವಳು ಮೇರಿಗೆ 17, ಪೌಲಿನ್‌ಗೆ 16 ತುಂಬಲು ಕೆಲವೇ ದಿನ, ಲಿಯೋನಿಗೆ 14. ಈ ಮೂರನೆಯ ಮಗಳ ಸ್ವಭಾವ ಮತ್ತು ವಿದ್ಯಾಭ್ಯಾಸ ತಾಯಿಗೆ ಕೊನೆಯವರೆಗೂ ಚಿಂತೆಯ ವಿಷಯವಾಗಿತ್ತು. ಸೆಲಿನ್‌ಗೆ ಎಂಟು, ತೆರೇಸಾಗೆ ನಾಲ್ಕು.

ತಂದೆ ಅಥವಾ ತಾಯಿ ತೀರಿಕೊಂಡಲ್ಲಿ ಅಪ್ರಾಪ್ತ ಮಕ್ಕಳಿಗೆ ಬಂಧುಗಳಲ್ಲಿ ಒಬ್ಬರನ್ನು ಉಪಪಾಲಕರಾಗಿ ನೇಮಿಸುವುದು ಅಂದಿನ ಫ್ರಾನ್ಸಿನ ಕಾನೂನು. ಸೋದರಮಾವ ಇಸಿಡೋರ್ ಅವರಿಗೆ ಈ ಹೊಣೆ ಬಂತು. ಅವರು ಚುರುಕಿನ ಮನುಷ್ಯ. ಮನಸ್ಸಿಗೆ ಬಂದದ್ದನ್ನು ಕೂಡಲೇ ಮಾಡುವವರು. ಭಾವನವರು ಮಕ್ಕಳೊಂದಿಗೆ ಲಿಸಿಯುವಿಗೆ ಬಂದು ನೆಲೆಸಬೇಕು, ತಮ್ಮ ಪತ್ನಿ ಮಕ್ಕಳಿಗೆ ತಾಯಿಯಾಗಿ ನಿಲ್ಲುತ್ತಾಳೆ ಎಂಬುದು ಅವರ ಸಲಹೆ. ಅಕ್ಕ ತೀರಿಕೊಂಡು ಎರಡು ವಾರ ಆಗುವುದರೊಳಗೆ, ಸೆಪ್ಟೆಂಬರ್ 10ರ ಹೊತ್ತಿಗೆ, ಅವರು ಮನೆಯನ್ನೂ ಹುಡುಕಿಬಿಟ್ಟಿದ್ದರು!

ಲೂಯಿ ಅವರ ಮುಂದೆ ಈಗ ಇದ್ದದ್ದು ಸುಲಭದ ಪ್ರಶ್ನೆಯಲ್ಲ. ಅಲೆನ್ಸೋನಿನಲ್ಲಿ ಅವರಿಗೆ ಏನೆಲ್ಲಾ ಇತ್ತು ಎಂಬುದನ್ನು ನಾವು ಒಮ್ಮೆ ಗಮನಿಸಬೇಕು. ಹಲವು ದಶಕಗಳ ಒಡನಾಟದ ಊರು. ಜೊತೆಗೆ ಕೂತು ಮಾತನಾಡುವ, ಒಟ್ಟಿಗೆ ಮೀನಿಗೆ ಗಾಳ ಹಾಕುವ ಹಳೆಯ ಗೆಳೆಯರು. ಮದುವೆಗೆ ಮೊದಲೇ ಕೊಂಡಿದ್ದ, ಪೆವಿಲಿಯನ್ ಎಂದು ಕರೆಯುತ್ತಿದ್ದ ಪುಟ್ಟ ಗೋಪುರ ಮತ್ತು ತೋಟ; ಅವರ ಪ್ರಾರ್ಥನೆ, ಓದು, ಮೌನ ಎಲ್ಲವೂ ಅಲ್ಲಿಯೇ. ಮುಚ್ಚಬೇಕಾಗಿದ್ದ ಲೇಸಿನ ವ್ಯವಹಾರ, ಅದನ್ನು ನಂಬಿದ ಹೆಂಗಸರು. ಎಲ್ಲಕ್ಕಿಂತ ಮಿಗಿಲಾಗಿ ವಯಸ್ಸಾದ ತಾಯಿ. ಅವರ ಮಕ್ಕಳಲ್ಲಿ ಬದುಕಿ ಉಳಿದಿದ್ದವರು ಲೂಯಿ ಒಬ್ಬರೇ. ಇನ್ನು ಸ್ಮಶಾನದಲ್ಲಿ ಹೆಂಡತಿಯ ಹಸಿ ಸಮಾಧಿ, ಅದರೊಂದಿಗೆ ನಾಲ್ಕು ಎಳೆಯ ಮಕ್ಕಳ ಸಮಾಧಿಗಳು.

ಲಿಸಿಯುವಿನಲ್ಲಿ ಏನಿತ್ತು? ಹೆಂಡತಿಯ ಕಡೆಯ ಬಂಧುಗಳ ಒಂದು ಮನೆ ಇತ್ತು. ತಮ್ಮವರೆನ್ನುವ ಬೇರೆ ಯಾರೂ ಅವರಿಗೆ ಅಲ್ಲಿ ಇರಲಿಲ್ಲ.

ಅಲೆನ್ಸೋನಿನ ಹಿತೈಷಿಗಳು ಹೋಗಬೇಡಿ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ ಎಂದೇ ನಮ್ಮ ಅನಿಸಿಕೆ. ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಹುಟ್ಟಿದ ಊರಿನಿಂದಲೂ ಕಿತ್ತು ಒಯ್ಯುವುದು ಸರಿಯೇ ಎಂದು ಯಾರಾದರೂ ಕೇಳುತ್ತಾರೆ. ಮುಂಬಯಿಗೋ ಕೊಲ್ಲಿ ದೇಶಕ್ಕೋ ಹೊರಡುವ ಮುನ್ನ ನಮ್ಮ ಕರಾವಳಿಯ ಮನೆಗಳಲ್ಲಿಯೂ ಎಷ್ಟು ಸಲ ಇದೇ ಚರ್ಚೆ ನಡೆದಿಲ್ಲ? ಮಕ್ಕಳ ಶಾಲೆ, ಮನೆಯಲ್ಲಿ ಉಳಿಯುವ ಅಜ್ಜಿ, ಬೀಗ ಹಾಕುವ ಮನೆ, ಇವೆಲ್ಲವೂ ನಮಗೆ ಹೊಸತಲ್ಲ.

ಲೂಯಿ ಮಾಡಿದ್ದು ಆ ಕಾಲದ ತಂದೆಯಂದಿರಲ್ಲಿ ಅಷ್ಟಾಗಿ ಕಾಣದ ಕೆಲಸ. ಅವರು ಹಿರಿಯ ಹೆಣ್ಣುಮಕ್ಕಳನ್ನು ಕರೆದು ಅವರ ಅಭಿಪ್ರಾಯ ಕೇಳಿದರು. ಹೋಗುವುದಾದರೆ ಅದು ಮಕ್ಕಳಿಗಾಗಿ, ಆದ್ದರಿಂದ ಅವರಿಗೆ ಇಷ್ಟವಿದ್ದರೆ ಮಾತ್ರ ಎಂಬುದು ಅವರ ನಿಲುವು. ತಂದೆ ತಮ್ಮ ಸುಖವನ್ನೆಲ್ಲಾ ಬಿಟ್ಟುಕೊಡಲು ಸಿದ್ಧರಾಗಿದ್ದಾರೆ ಎಂಬುದು ಮೇರಿಗೆ ಚೆನ್ನಾಗಿ ತಿಳಿದಿತ್ತು. ಸೆಪ್ಟೆಂಬರ್‌ನಲ್ಲಿ ಮಾವನಿಗೆ ಬರೆದ ಕಾಗದದಲ್ಲಿ ಆಕೆ ಅದನ್ನು ತಿಳಿಸಿದ್ದಳು. ಮಕ್ಕಳು ಒಪ್ಪಿದರು. ತಂದೆಯೂ ಒಪ್ಪಿದರು.

ಇಲ್ಲೊಂದು ಮಾತು ಹೇಳಲೇಬೇಕು. ತೆರೇಸಾಳನ್ನು ಕಾರ್ಮೆಲ್ ಮಠಕ್ಕೆ ತಲುಪಿಸಲೆಂದೇ ದೇವರು ಈ ಕುಟುಂಬವನ್ನು ಲಿಸಿಯುವಿಗೆ ಕರೆತಂದರು ಎಂದು ಪ್ರಸಂಗಗಳಲ್ಲಿ ನಾವು ಕೇಳುವುದುಂಟು. ವಿಶ್ವಾಸದ ಕಣ್ಣಿಗೆ ಅದು ಸತ್ಯವೇ. ಆದರೆ 1877ರ ಆ ಸೆಪ್ಟೆಂಬರ್‌ನಲ್ಲಿ ಲೂಯಿ ಅವರ ಮುಂದೆ ಇದ್ದ ಕಾರಣಗಳಲ್ಲಿ ಕಾರ್ಮೆಲ್ ಇರಲಿಲ್ಲ. ಪೌಲಿನ್ ಕೂಡಾ 1882ರವರೆಗೆ ವಿಸಿಟೇಶನ್ ಮಠಕ್ಕೆ ಸೇರುವ ಯೋಚನೆಯಲ್ಲಿಯೇ ಇದ್ದಳು. ಹೆಣ್ಣುಮಕ್ಕಳ ಹತ್ತಿರ ಒಬ್ಬ ಹೆಂಗಸು ಇರಬೇಕು, ತಮಗೇನಾದರೂ ಆದರೆ ಮಕ್ಕಳು ಅನಾಥರಾಗಬಾರದು ಎಂಬ ಸಾದಾ ಲೆಕ್ಕವನ್ನಷ್ಟೇ ಆ ತಂದೆ ಹಾಕಿದ್ದರು. ಯಾವ ದರ್ಶನವೂ ಅವರಿಗೆ ಆಗಿರಲಿಲ್ಲ. ನಮ್ಮನಿಮ್ಮಂತೆಯೇ ಮುಂದೇನಾಗುವುದೋ ತಿಳಿಯದೆ ಅವರು ನಿರ್ಧರಿಸಿದರು.

ನವೆಂಬರ್ 15ರಂದು ಮಕ್ಕಳು ತಾಯಿಯ ಸಮಾಧಿಗೆ ವಿದಾಯ ಹೇಳಿ, ಸೋದರಮಾವನೊಂದಿಗೆ ರೈಲು ಹತ್ತಿದರು. ಆ ರಾತ್ರಿ ಮಾವನ ಮನೆಯಲ್ಲಿ ಕಳೆದು ಮರುದಿನ ಹೊಸ ಮನೆಗೆ ಬಂದರು. ಲೂಯಿ ಅವರೊಂದಿಗೆ ಹೋಗಲಿಲ್ಲ. ಲೇಸಿನ ವ್ಯವಹಾರ ಮುಗಿಸುವುದಿತ್ತು. ಖಾಲಿಯಾದ ಆ ಮನೆಯಲ್ಲಿ ಅವರು ಇನ್ನೂ ಎರಡು ವಾರ ಉಳಿದರು. ಲೆಕ್ಕಗಳನ್ನೆಲ್ಲಾ ಚುಕ್ತಾ ಮಾಡಿ, ತಾಯಿಯನ್ನು ಬಿಟ್ಟು, ನವೆಂಬರ್ 30ರಂದು ಲಿಸಿಯು ಸೇರಿದರು. ಆ ಎರಡು ವಾರಗಳ ಬಗ್ಗೆ ಜೀವನಚರಿತ್ರೆಗಳು ಬೇಗನೆ ದಾಟಿ ಹೋಗುತ್ತವೆ. ನಮಗಾದರೋ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟುವುದು ಅದೇ ಭಾಗ.

ಪುಟಾಣಿ ತೆರೇಸಾಗೆ ಊರು ಬಿಡುವಾಗ ದೊಡ್ಡ ದುಃಖವೇನೂ ಆಗಲಿಲ್ಲವೆಂದು ಆಕೆಯೇ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಮಕ್ಕಳಿಗೆ ಬದಲಾವಣೆ ಎಂದರೆ ಖುಷಿ.

ಬಾಡಿಗೆಗೆ ಹಿಡಿದ ಆ ಮನೆಯೇ ಇಂದು ಯಾತ್ರಿಕರು ನೋಡಲು ಹೋಗುವ ಲೆ ಬ್ವಿಸೊನೆ. ಏರುದಾರಿಯಲ್ಲಿ, ತೋಟದ ನಡುವೆ ಇರುವ ಮನೆ. ಮೇಲಿನ ಅಂತಸ್ತಿನ ಸಣ್ಣ ಕೋಣೆಯನ್ನು ಲೂಯಿ ತಮ್ಮ ಓದು, ಪ್ರಾರ್ಥನೆಗೆ ಇಟ್ಟುಕೊಂಡರು. ಮೇರಿ ಮನೆವಾರ್ತೆ ನೋಡಿಕೊಂಡಳು, ಪೌಲಿನ್ ತಂಗಿಗೆ ಪಾಠ ಹೇಳಿದಳು. ಲಿಯೋನಿ ಮತ್ತು ಸೆಲಿನ್ ಬೆನೆಡಿಕ್ಟೈನ್ ಕನ್ಯಾಸ್ತ್ರೀಯರ ಶಾಲೆಗೆ ಸೇರಿದರು. ಮಧ್ಯಾಹ್ನದ ಮೇಲೆ ತಂದೆ ತೆರೇಸಾಳ ಕೈಹಿಡಿದು ತಿರುಗಾಡಲು ಹೋಗುವರು. ದಾರಿಯಲ್ಲಿ ಯಾವುದಾದರೊಂದು ದೇವಾಲಯದಲ್ಲಿ ಪರಮಪ್ರಸಾದಕ್ಕೆ ನಮಿಸುವರು. ಭಾನುವಾರ ಸಂಜೆ ಮಾವನ ಮನೆಯಲ್ಲಿ. ಅಲ್ಲಿಂದ ಹಿಂದಿರುಗುವಾಗ ಆಕಾಶದ ನಕ್ಷತ್ರಗಳಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ತೆರೇಸಾ ತಂದೆಗೆ ತೋರಿಸಿದ್ದು ಈ ದಿನಗಳಲ್ಲೇ.

ಅಲೆನ್ಸೋನಿನಿಂದ ಬಂದ ಸಾಮಾನಿನಲ್ಲಿ ಮಾತೆ ಮರಿಯಮ್ಮನವರ ಒಂದು ಪ್ರತಿಮೆಯೂ ಇತ್ತು. ಲೂಯಿ ಮದುವೆಯಾಗುವ ಮೊದಲು ಭಕ್ತೆಯೊಬ್ಬರು ಅವರಿಗೆ ಕೊಟ್ಟ ಪ್ರತಿಮೆ ಅದು. 1883ರ ಮೇ 13ರಂದು, ಕಠಿಣ ಕಾಯಿಲೆಯಿಂದ ಮಲಗಿದ್ದ ತೆರೇಸಾ ಆ ಪ್ರತಿಮೆ ತನ್ನತ್ತ ಮುಗುಳ್ನಗುವುದನ್ನು ಕಂಡು ಗುಣಮುಖಳಾದಳು. ಅದೇ ವರ್ಷದ ಏಪ್ರಿಲ್‌ನಲ್ಲಿ ಲೂಯಿ ಅವರ ವೃದ್ಧ ತಾಯಿ ಅಲೆನ್ಸೋನಿನ ಸಮೀಪ ತೀರಿಕೊಂಡರು.

ನಂತರದ ಕಥೆ ನಮ್ಮ ಓದುಗರಿಗೆ ತಿಳಿದದ್ದೇ. 1882ರಲ್ಲಿ ಪೌಲಿನ್, 1886ರಲ್ಲಿ ಮೇರಿ, 1888ರ ಏಪ್ರಿಲ್ 9ರಂದು ಹದಿನೈದು ವರ್ಷದ ತೆರೇಸಾ ಲಿಸಿಯುವಿನ ಕಾರ್ಮೆಲ್ ಮಠ ಸೇರಿದರು. ಮಕ್ಕಳಿಗಾಗಿ ಊರು ಬಿಟ್ಟ ತಂದೆಯನ್ನು ಮಕ್ಕಳೇ ಒಬ್ಬೊಬ್ಬರಾಗಿ ಬಿಟ್ಟು ನಡೆದರು. ಅವರು ಯಾರನ್ನೂ ತಡೆಯಲಿಲ್ಲ.

1887ರ ಮೇ ತಿಂಗಳಲ್ಲಿ ಲೂಯಿ ಅವರಿಗೆ ಮೊದಲ ಬಾರಿ ಪಾರ್ಶ್ವವಾಯು ತಗುಲಿತು. ಕ್ರಮೇಣ ನೆನಪು, ಬುದ್ಧಿ ಮಂಕಾಗತೊಡಗಿತು. 1888ರ ಜೂನ್‌ನಲ್ಲಿ ಯಾರಿಗೂ ಹೇಳದೆ ಮನೆಯಿಂದ ಹೊರಟುಹೋದರು. ಕೆಲವು ದಿನಗಳ ಮೇಲೆ ಲೆ ಹಾವ್ರ್ ಬಂದರಿನಲ್ಲಿ ಸಿಕ್ಕಿದರು. ಹುಡುಕಲು ಹೋದವರಲ್ಲಿ ಭಾವಮೈದುನ ಇಸಿಡೋರ್ ಕೂಡ ಇದ್ದರು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಮಕ್ಕಳು ಮಠಕ್ಕೆ ಹೋದದ್ದೇ ತಂದೆಯ ಈ ಸ್ಥಿತಿಗೆ ಕಾರಣವೆಂದು ಊರಿನವರು ಆಡಿಕೊಂಡರು. ಆ ಮಾತುಗಳು ಮಠದ ಗೋಡೆಯೊಳಗೂ ತಲುಪಿದವು.

ಈ ಕಷ್ಟದ ವರ್ಷಗಳಲ್ಲಿ ಸೆಲಿನ್ ಮತ್ತು ಲಿಯೋನಿಗೆ ಆಸರೆಯಾದದ್ದು ಅದೇ ಸೋದರಮಾವನ ಮನೆ. ಬ್ವಿಸೊನೆಯ ಬಾಡಿಗೆ ಕರಾರು 1889ರ ಕ್ರಿಸ್ಮಸ್‌ಗೆ ಮುಗಿದಾಗ ಅವರಿಗೆ ಹೋಗಲು ಒಂದು ಜಾಗವಿತ್ತು. 1892ರ ಮೇ 10ರಂದು, ಕಾಲುಗಳ ಶಕ್ತಿ ಕುಂದಿ ಹಾಸಿಗೆ ಹಿಡಿದ ಲೂಯಿ ಅವರನ್ನು ಲಿಸಿಯುವಿಗೆ ಮರಳಿ ಕರೆತಂದು, ಗೆರಾಂ ಕುಟುಂಬದ ಸಮೀಪದಲ್ಲಿಯೇ ಇಟ್ಟು ಆರೈಕೆ ಮಾಡಲಾಯಿತು. ಮಕ್ಕಳಿಗೆ ದಿಕ್ಕಿರಲಿ ಎಂದು ಹದಿನೈದು ವರ್ಷಗಳ ಹಿಂದೆ ಯಾವ ಬಂಧುಗಳ ಬಳಿಗೆ ಅವರು ಬಂದಿದ್ದರೋ, ಅದೇ ಬಂಧುಗಳು ಈಗ ಅವರಿಗೇ ದಿಕ್ಕಾದರು. 1894ರ ಜುಲೈ 29ರಂದು, ಭಾವಮೈದುನನಿಗೆ ಸೇರಿದ ಲಾ ಮ್ಯೂಸ್ ಎಂಬ ಹಳ್ಳಿಯ ಬಂಗಲೆಯಲ್ಲಿ, ಸೆಲಿನ್ ಬಳಿಯಲ್ಲಿದ್ದಾಗ ಅವರು ಪ್ರಾಣ ಬಿಟ್ಟರು. ಲಿಸಿಯುವಿನ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಆ ವರ್ಷ ಅಕ್ಟೋಬರ್‌ನಲ್ಲಿ ಇಸಿಡೋರ್ ಇನ್ನೊಂದು ಕೆಲಸ ಮಾಡಿಸಿದರು. ಅಲೆನ್ಸೋನಿನ ಸ್ಮಶಾನದಲ್ಲಿದ್ದ ಅಕ್ಕ ಝೆಲಿಯ ಅಸ್ಥಿಯನ್ನೂ ನಾಲ್ಕು ಎಳೆಯ ಮಕ್ಕಳ ಅಸ್ಥಿಯನ್ನೂ ಲಿಸಿಯುವಿಗೆ ತರಿಸಿ ಲೂಯಿ ಅವರ ಪಕ್ಕದಲ್ಲಿ ಇಡಿಸಿದರು. ಹದಿನೇಳು ವರ್ಷಗಳ ಹಿಂದೆ ಆ ಊರಿನಲ್ಲಿ ಉಳಿದುಹೋಗಿದ್ದವರೂ ಹೀಗೆ ಮನೆಯವರನ್ನು ಸೇರಿಕೊಂಡರು.