ಕಣ್ಣಿನ ಉರಿಯೂತ ಎಚ್‌ಐವಿಯ ಮೊದಲ ಲಕ್ಷಣವೇ? ಡೆರೆಕ್ ಜಾರ್ಮನ್ ಬದುಕು ಹೇಳುವ ಸತ್ಯ

ಕಣ್ಣು ಕೆಂಪಾದರೆ ಎಚ್‌ಐವಿ ಇರಬಹುದೇ ಎಂಬ ಭಯ ಹಲವರಲ್ಲಿದೆ. ಎಚ್‌ಐವಿಗೂ ಕಣ್ಣಿಗೂ ನಂಟಿರುವುದು ನಿಜ. ಆದರೆ ಅದು ನಾವು ಅಂದುಕೊಂಡಂತೆ ಇಲ್ಲ. ಬ್ರಿಟನ್ನಿನ ಚಿತ್ರ ನಿರ್ದೇಶಕ ಡೆರೆಕ್ ಜಾರ್ಮನ್ ಅವರ ಬದುಕನ್ನೇ ನೋಡೋಣ.

ಜಾರ್ಮನ್ ಹುಟ್ಟಿದ್ದು 1942ರಲ್ಲಿ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಸಿನಿಮಾಗಳಿಗೆ ಸೆಟ್ ವಿನ್ಯಾಸ ಮಾಡುತ್ತಾ ನಿರ್ದೇಶಕರಾದರು. 1986ರಲ್ಲಿ ಅವರ 'ಕಾರವಾಜಿಯೊ' ತೆರೆಕಂಡಿತು. ಅದೇ ಡಿಸೆಂಬರ್‌ನಲ್ಲಿ ಅವರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಗೊತ್ತಾಗಿದ್ದು ಕಣ್ಣಿನಿಂದಲ್ಲ, ರಕ್ತಪರೀಕ್ಷೆಯಿಂದ.

ರೋಗಿಗಳನ್ನು ಜನ ದೂರವಿಡುತ್ತಿದ್ದ ಆ ಕಾಲದಲ್ಲೂ ಅವರು ವಿಷಯ ಮುಚ್ಚಿಡಲಿಲ್ಲ. ಡಂಜನೆಸ್ ಕಡಲತೀರದಲ್ಲಿ, ಅಣುಸ್ಥಾವರದ ಸಮೀಪ ಒಂದು ಪುಟ್ಟ ಮನೆ ಕೊಂಡು, ಬರೀ ಬೆಣಚುಕಲ್ಲಿನ ನೆಲದಲ್ಲಿ ತೋಟ ಬೆಳೆಸಿದರು.

ದೃಷ್ಟಿ ಕೈಕೊಟ್ಟಿದ್ದು ವರ್ಷಗಳ ನಂತರ. ಕಾರಣ ಸೈಟೊಮೆಗಲೊ ಎಂಬ ಇನ್ನೊಂದು ವೈರಸ್. ಇದು ಬಹಳಷ್ಟು ಜನರ ದೇಹದಲ್ಲಿ ತೆಪ್ಪಗೆ ಇರುತ್ತದೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ತೀರಾ ಕುಸಿದಾಗ, ಸಾಮಾನ್ಯವಾಗಿ ಸಿಡಿ4 ಕೋಶಗಳ ಎಣಿಕೆ 50ಕ್ಕಿಂತ ಕೆಳಗಿಳಿದಾಗ, ಕಣ್ಣಿನ ಅಕ್ಷಿಪಟಲದ ಮೇಲೆ ದಾಳಿ ಮಾಡುತ್ತದೆ. ಆಗ ಕಣ್ಣು ಕೆಂಪಾಗುವುದು, ನೋಯುವುದು ಕಡಿಮೆ. ಕಣ್ಣೆದುರು ಚುಕ್ಕಿಗಳು ತೇಲುತ್ತವೆ, ನೋಟ ಮಸುಕಾಗುತ್ತದೆ.

ದೃಷ್ಟಿ ಕುಂದುತ್ತಿದ್ದಾಗಲೇ ಅವರು 1993ರಲ್ಲಿ 'ಬ್ಲೂ' ಚಿತ್ರ ಮಾಡಿದರು. ಅದರಲ್ಲಿ ತೆರೆಯ ತುಂಬ ಬರೀ ನೀಲಿ ಬಣ್ಣ, ಜೊತೆಗೆ ಧ್ವನಿಗಳು, ಅಷ್ಟೇ. 1994ರ ಫೆಬ್ರವರಿ 19ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡರು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಸಂಯುಕ್ತ ಔಷಧ ಚಿಕಿತ್ಸೆ ಬಳಕೆಗೆ ಬಂದಿದ್ದು ಸುಮಾರು ಎರಡು ವರ್ಷಗಳ ನಂತರ.

ಹಾಗಾದರೆ ನಾವು ತಿಳಿಯಬೇಕಾದದ್ದೇನು?

ಕಣ್ಣು ಕೆಂಪಾಗಲು ಅಲರ್ಜಿ, ಧೂಳು, ಮದ್ರಾಸ್ ಐ ಹೀಗೆ ನೂರು ಕಾರಣ. ಅದನ್ನು ನೋಡಿ ಎಚ್‌ಐವಿ ಎನ್ನಲಾಗದು. ಕಣ್ಣಿನೊಳಗಿನ ಉರಿಯೂತಕ್ಕೆ ಕೆಲವೊಮ್ಮೆ ವೈದ್ಯರು ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಬರೆಯುತ್ತಾರೆ. ಅದು ಕಾರಣ ಹುಡುಕುವ ಕ್ರಮ, ಗಾಬರಿ ಬೇಡ. ಕೆಲವರಿಗೆ ಸೋಂಕು ಇರುವುದು ಮೊದಲು ತಿಳಿಯುವುದೇ ಕಣ್ಣಿನ ತೊಂದರೆಯಿಂದ. ಆದರೆ ಅಷ್ಟರಲ್ಲಿ ಅದು ದೇಹ ಸೇರಿ ಎಷ್ಟೋ ವರ್ಷ ಆಗಿರಬಹುದು.

ಆದ್ದರಿಂದ ಅನುಮಾನವಿದ್ದರೆ ಲಕ್ಷಣಕ್ಕಾಗಿ ಕಾಯಬೇಡಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ವಿಷಯ ಗೋಪ್ಯವಾಗಿರುತ್ತದೆ. ಸಹಾಯವಾಣಿ 1097. ಜಾರ್ಮನ್ ಅವರಿಗೆ ಸಿಗದ ಔಷಧ ಇಂದು ನಮ್ಮಲ್ಲಿ ಉಚಿತವಾಗಿ ಸಿಗುತ್ತದೆ. ಬೇಗ ಶುರು ಮಾಡಿದರೆ ಜೀವವೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.